ಕಾಗದದ ಕಾಳಗದಲ್ಲಿ ದಾಳದ ಪಾತ್ರ

ಸಾಗರದಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿಯೂ ತೀರ್ಥಹಳ್ಳಿಯಲ್ಲಿರುವ ಅವನ ಗೆಳೆಯನೂ ಸೇರಿ ಒಂದು ಆಟವನ್ನು ಹೂಡಿದ್ದಾರೆಂದು ಭಾವಿಸೋಣ. ಆಟಕ್ಕೆ ಬೇಕಾದುದು ಬರೆಯುವುದಕ್ಕೆ ಕಾಗದ, ಅಥವಾ ಇಂದಿನ ರೂಢಿಯಂತೆ ಮೊಬೈಲ್ ದೂರವಾಣಿಯ ತೆರೆ, ಇಷ್ಟೆ. ಒಬ್ಬನು ಕೆಳದಿಯ ಅರಸರ ಕಡೆಯ ಯೋಧನ ಪಾತ್ರವನ್ನು ವಹಿಸಿಕೊಂಡಿದ್ದಾನೆ. ಇನ್ನೊಬ್ಬನು ಅವನ ಎದುರಾಳಿ. ಕಾಲ ಹದಿನೆಂಟನೆಯ ಶತಮಾನ. ಸ್ಥಳ ಕವಲೇದುರ್ಗದ ಬುಡದ ಕಾಡುದಾರಿ. ಮೊದಲನೆಯವನು ತನ್ನ ಯೋಧನು ಏನು ಮಾಡಿದನೆಂಬುದನ್ನು ನಾಲ್ಕು ಸಾಲುಗಳಲ್ಲಿ ಬರೆದು ಕಳುಹಿಸುತ್ತಾನೆ. ಎರಡನೆಯವನು ಅದನ್ನೋದಿ ತನ್ನ ಯೋಧನ ಪ್ರತಿಕ್ರಿಯೆಯನ್ನು ಬರೆಯುತ್ತಾನೆ. ಹೀಗೆ ಇಬ್ಬರ ಬರಹವೂ ಹೆಣೆದುಕೊಂಡು ಒಂದು ಕಥೆಯಾಗುತ್ತದೆ.

ಕಾಳಗ ಪ್ರಾರಂಭವಾಗುವವರೆಗೆ ಎಲ್ಲವೂ ಸೊಗಸಾಗಿಯೇ ನಡೆಯುವುದು. ತೊಡಕು ಹುಟ್ಟುವುದು ಆಮೇಲೆ. ತನ್ನ ಯೋಧನು ಎದುರಾಳಿಯ ಹೆಗಲಿಗೆ ಕತ್ತಿಯನ್ನು ಬೀಸಿದನೆಂದು ಒಬ್ಬನು ಬರೆದರೆ, ತನ್ನವನು ಮಿಂಚಿನಂತೆ ಪಕ್ಕಕ್ಕೆ ಸರಿದನೆಂದು ಇನ್ನೊಬ್ಬನು ಬರೆಯುತ್ತಾನೆ. ಇಪ್ಪತ್ತು ಪುಟ ಕಳೆದರೂ ಯಾರ ಮೈಮೇಲೂ ಒಂದು ಗೀರು ಮೂಡುವುದಿಲ್ಲ. ಕೊನೆಗೆ ಕಾಳಗವು ಕಾಗದವನ್ನು ಬಿಟ್ಟು ಗೆಳೆಯರ ನಡುವೆ ಪ್ರಾರಂಭವಾಗುತ್ತದೆ! ಪೆಟ್ಟು ತಗಲಿತೋ ಇಲ್ಲವೋ ಎಂಬುದನ್ನು ನಿರ್ಣಯಿಸುವವರು ಯಾರು? ದಾಳವನ್ನು ಉರುಳಿಸಿ ತಿಳಿಯೋಣವೆಂದು ಕೆಲವರು ಹೇಳುತ್ತಾರೆ. ದಾಳಕ್ಕೆ ಕತ್ತಿಯ ತೂಕವೂ ತಿಳಿಯದು, ಯೋಧನ ದಣಿವೂ ತಿಳಿಯದು. ವಾಸ್ತವದಲ್ಲಿ ಏನಾಗುತ್ತಿತ್ತೆಂಬುದನ್ನು ವಿವೇಚಿಸಿ ಬರೆಯುವುದೇ ಸರಿಯೆಂದು ಉಳಿದವರು ವಾದಿಸುತ್ತಾರೆ.

ಮಾತಿನಲ್ಲೇ ಕಾದುವ ಕಲೆ ಮಲೆನಾಡಿಗೆ ಹೊಸದಲ್ಲ. ಮಳೆಗಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಗಳಲ್ಲಿ ನಡೆಯುವ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದವನ್ನು ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನಾಗಿ, ಅರ್ಜುನನಾಗಿ ವಾದಿಸುತ್ತಾರೆ. ಆ ಮಾತುಗಳಾವುವೂ ಮೊದಲೇ ಬರೆದಿಟ್ಟವಲ್ಲ. ಆದರೆ ಅಲ್ಲಿ ನಮ್ಮ ಗೆಳೆಯರ ತೊಡಕು ಉದ್ಭವಿಸುವುದಿಲ್ಲ. ಏಕೆಂದರೆ ಪರಿಣಾಮವನ್ನು ಪ್ರಸಂಗವೇ ಗೊತ್ತುಮಾಡಿದೆ. ಕರ್ಣನ ಅರ್ಥಧಾರಿ ಎಷ್ಟೇ ಸಮರ್ಥನಾಗಿರಲಿ, ರಥದ ಗಾಲಿ ನೆಲದಲ್ಲಿ ಹೂತೇ ಹೂಳುವುದು. ಪರಿಣಾಮ ನಿಶ್ಚಿತವಾಗಿರುವುದರಿಂದಲೇ ವಾದಕ್ಕೆ ಅಷ್ಟು ಸ್ವಾತಂತ್ರ್ಯ. ಬರಹದ ಆಟದಲ್ಲಿ ಪ್ರಸಂಗವಿಲ್ಲ. ಅದರ ಸ್ಥಾನವನ್ನು ಬೇರೆ ಯಾವುದಾದರೂ ತುಂಬಬೇಕು.

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ಎತ್ತಿಕೊಂಡವರು ಪ್ರಷ್ಯ ದೇಶದ ಸೇನಾಧಿಕಾರಿಗಳು. ಫಿರಂಗಿ ದಳದ ಲೆಫ್ಟಿನೆಂಟ್ ರೈಸ್‌ವಿಟ್ಸ್ ಎಂಬಾತನು ತನ್ನ ತಂದೆಯು ಆರಂಭಿಸಿದ್ದ ಒಂದು ಯುದ್ಧಕ್ರೀಡೆಯನ್ನು ಪರಿಷ್ಕರಿಸಿ, ೧೮೨೪ರಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದನು. ೮,೦೦೦ಕ್ಕೆ ಒಂದರ ಪ್ರಮಾಣದಲ್ಲಿ ರಚಿಸಿದ ನಕ್ಷೆಯ ಮೇಲೆ ಸೈನ್ಯಗಳನ್ನು ಸೂಚಿಸುವ ಸಣ್ಣ ತುಂಡುಗಳನ್ನು ನಡೆಸಬೇಕು. ಒಂದೊಂದು ಸರದಿಯೂ ಯುದ್ಧದ ಎರಡು ನಿಮಿಷಗಳಿಗೆ ಸಮ. ಎರಡು ಪಕ್ಷದವರೂ ತಮ್ಮ ಆಜ್ಞೆಗಳನ್ನು ಬರೆದು ಮಧ್ಯಸ್ಥನಿಗೆ ಕೊಡಬೇಕು. ಗುಂಡು ಹಾರಿದಾಗ ಬಿದ್ದವರೆಷ್ಟು ಎಂಬುದನ್ನು ಮಧ್ಯಸ್ಥನು ದಾಳವನ್ನೆಸೆದು ಕೋಷ್ಟಕದಲ್ಲಿ ನೋಡಿ ಹೇಳುವನು. ಆ ಕೋಷ್ಟಕಗಳಾದರೋ ಮನಸ್ಸಿಗೆ ತೋಚಿದಂತೆ ಬರೆದವಲ್ಲ. ಗೊತ್ತಾದ ದೂರಗಳಿಂದ ಗುರಿಹಲಗೆಗಳಿಗೆ ಗುಂಡು ಹಾರಿಸಿ ಮಾಡಿದ ಪರೀಕ್ಷೆಗಳನ್ನು ಆಧರಿಸಿದ್ದವು. ಈ ಸಂಗತಿ ಗಮನಾರ್ಹವಾದುದು. ದಾಳವೆಂದರೆ ವಾಸ್ತವಿಕತೆಯ ಶತ್ರುವೆಂಬ ಭಾವನೆ ಇಂದು ಬಲವಾಗಿದೆ. ರೈಸ್‌ವಿಟ್ಸನು ದಾಳವನ್ನು ತಂದದ್ದು ವಾಸ್ತವಿಕತೆಗಾಗಿಯೇ. ಚದುರಂಗದಲ್ಲಿ ಕುದುರೆಯು ಕಾಲಾಳನ್ನು ಹೊಡೆದರೆ ಕಾಲಾಳು ಸತ್ತೇ ಸಾಯಬೇಕು. ರಣರಂಗದಲ್ಲಿ ಅಂಥ ನಿಶ್ಚಯವೆಲ್ಲಿಯದು?

ಅರ್ಧ ಶತಮಾನ ಕಳೆಯುವಷ್ಟರಲ್ಲಿ ನಿಯಮಗಳೂ ಕೋಷ್ಟಕಗಳೂ ಬೆಳೆದು ಆಟವು ಆಮೆಯಂತೆ ತೆವಳತೊಡಗಿತು. ೧೮೭೦–೭೧ರ ಯುದ್ಧವನ್ನು ಪ್ರತ್ಯಕ್ಷ ಕಂಡಿದ್ದ ವೆರ್ಡಿ ದು ವೆರ್ನ್ವಾ ಎಂಬ ಅಧಿಕಾರಿಯು ೧೮೭೬ರಲ್ಲಿ ಹೊಸ ಮಾರ್ಗವನ್ನು ಸೂಚಿಸಿದನು: ದಾಳವನ್ನೂ ಕೋಷ್ಟಕವನ್ನೂ ಬದಿಗಿಟ್ಟು, ಅನುಭವಸ್ಥನಾದ ಮಧ್ಯಸ್ಥನು ಪರಿಸ್ಥಿತಿಯನ್ನು ಪರ್ಯಾಲೋಚಿಸಿ ಫಲಿತಾಂಶವನ್ನು ಹೇಳಿದರೆ ಸಾಕು. ಇದಕ್ಕೆ ಸ್ವತಂತ್ರ ಯುದ್ಧಕ್ರೀಡೆಯೆಂದು ಹೆಸರಾಯಿತು. ಮಧ್ಯಸ್ಥನು ನಿಜವಾಗಿಯೂ ಅನುಭವಸ್ಥನಾಗಿದ್ದರೆ ಈ ಮಾರ್ಗ ಸೊಗಸಾದುದು. ಆದರೆ ಕತ್ತಿಯ ಕಾಳಗವನ್ನು ಕಂಡಿರುವ ಮಧ್ಯಸ್ಥನನ್ನು ನಮ್ಮ ಗೆಳೆಯರು ಎಲ್ಲಿಂದ ಕರೆತಂದಾರು? ವಾಸ್ತವಿಕತೆಯ ಹೆಸರಿನಲ್ಲಿ ಅವರು ಬರೆಯುವುದು ಬಹುಮಟ್ಟಿಗೆ ಚಲನಚಿತ್ರಗಳಲ್ಲಿ ನೋಡಿದ ಕಾಳಗವನ್ನೇ.

ಹಾಗಾದರೆ ದಾಳವು ಏನನ್ನು ತಿಳಿಸುತ್ತದೆ? ಅದು ನಮ್ಮ ಅಜ್ಞಾನದ ಅಳತೆ. ಮೇಲಿನ ಕಾಡುದಾರಿಯಲ್ಲಿ ಆಷಾಢದ ಮಳೆ ಸುರಿಯುತ್ತಿದೆಯೆನ್ನಿ. ಅದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದನ್ನು ವಾಚಕರು ಬಲ್ಲರು. ಅಂದಿನ ಬತ್ತಿಯ ಕೋವಿಯನ್ನು ಹಾರಿಸುವುದಕ್ಕೆ ಉರಿಯುವ ಬತ್ತಿಯೂ ಒಣಗಿದ ಮದ್ದೂ ಅವಶ್ಯಕ. ಮಳೆಯಲ್ಲಿ ಕೋವಿ ಹಾರೀತೇ? ಮದ್ದಿಗೆ ಎಷ್ಟು ತೇವ ತಗಲಿದೆ, ಗಾಳಿ ಯಾವ ಕಡೆಯಿಂದ ಬೀಸಿತು ಎಂಬುದನ್ನೆಲ್ಲ ತಿಳಿದವರಿಗೆ ನಿಶ್ಚಿತವಾದ ಉತ್ತರ ಸಿಕ್ಕಬಹುದು. ನಮಗೆ ಅವು ತಿಳಿದಿಲ್ಲ. ಆದುದರಿಂದ ಮೂರು ಸಲದಲ್ಲಿ ಒಂದು ಸಲ ಹಾರೀತೆಂದು ಒಂದು ಅಂದಾಜನ್ನು ಒಪ್ಪಿಕೊಂಡು, ದಾಳದಲ್ಲಿ ೫ ಅಥವಾ ೬ ಬಿದ್ದರೆ ಹಾರಿತೆಂದು ಗೊತ್ತುಮಾಡುತ್ತೇವೆ. ಹಾರಿದ ಗುಂಡು ಅಷ್ಟು ದೂರದಲ್ಲಿ ಎರಡಕ್ಕೊಂದರಂತೆ ಗುರಿಮುಟ್ಟುವುದಾದರೆ, ಪೆಟ್ಟು ತಗಲುವ ಸಂಭಾವ್ಯತೆ ಮೂರರಲ್ಲೊಂದರ ಅರ್ಧ, ಅಂದರೆ ೬ರಲ್ಲಿ ೧. ಇಲ್ಲಿ ವಾಸ್ತವಿಕತೆಯು ಅಡಗಿರುವುದು ಮಳೆಯನ್ನೂ ಮದ್ದನ್ನೂ ದೂರವನ್ನೂ ಗಣನೆಗೆ ತಂದ ಆ ಅಂದಾಜಿನಲ್ಲಿ. ದಾಳವು ಅದರ ಆಜ್ಞಾಧಾರಕ ಮಾತ್ರ. ಅಂದಾಜು ತಪ್ಪಾದರೆ ಅದು ದಾಳದ ಅಪರಾಧವಲ್ಲ.

ದಾಳದಿಂದ ಕುಶಲನಿಗೂ ಅಕುಶಲನಿಗೂ ಭೇದವಿಲ್ಲದಂತಾಗುವುದೆಂಬ ಆಕ್ಷೇಪಣೆ ಬಹಳ ಪ್ರಬಲವಾಗಿ ಕೇಳಿಬರುತ್ತದೆ. ಇದನ್ನು ಲೆಕ್ಕದಿಂದ ಪರೀಕ್ಷಿಸೋಣ. ಪ್ರತಿಯೊಂದು ವರಸೆಯಲ್ಲಿಯೂ ಕುಶಲನು ಗೆಲ್ಲುವ ಸಂಭಾವ್ಯತೆ ೩ರಲ್ಲಿ ೨ ಎಂದು ಇಟ್ಟುಕೊಳ್ಳಿ. ಒಂದೇ ಎಸೆತದಲ್ಲಿ ಇಡೀ ಕಾಳಗವನ್ನು ತೀರ್ಮಾನಿಸಿದರೆ ಮೂರರಲ್ಲೊಂದು ಕಾಳಗದಲ್ಲಿ ಅಕುಶಲನೇ ಗೆಲ್ಲುವನು. ಇದು ನಂಬಲು ಕಷ್ಟ. ಇದಕ್ಕೆ ಬದಲಾಗಿ, ಮೊದಲು ಮೂರು ವರಸೆಗಳನ್ನು ಗೆದ್ದವನಿಗೆ ಜಯವೆಂದು ನಿಯಮ ಮಾಡಿರಿ. ಕುಶಲನು ಮೂರಕ್ಕೆ ಮೂರನ್ನೂ ಗೆಲ್ಲುವ ಸಂಭಾವ್ಯತೆ ೨೭ರಲ್ಲಿ ೮. ಒಂದನ್ನು ಸೋತು ಮೂರನ್ನು ಗೆಲ್ಲುವುದೂ ಅಷ್ಟೇ, ೨೭ರಲ್ಲಿ ೮. ಎರಡನ್ನು ಸೋತು ಮೂರನ್ನು ಗೆಲ್ಲುವುದು ೮೧ರಲ್ಲಿ ೧೬. ಕೂಡಿಸಿದರೆ ೮೧ರಲ್ಲಿ ೬೪, ಎಂದರೆ ನೂರಕ್ಕೆ ಸುಮಾರು ೭೯. ಎಸೆತಗಳು ಹೆಚ್ಚಿದಷ್ಟೂ ಆಕಸ್ಮಿಕದ ಅಧಿಕಾರ ಕುಗ್ಗಿ ಕೌಶಲದ ಅಧಿಕಾರ ಬಲಿಯುವುದು. ಹೊಂಚುಹಾಕಿ ಹೊಡೆಯುವ ಒಂದೇ ಪೆಟ್ಟಿನಲ್ಲಿ ಅದೃಷ್ಟವು ದೊಡ್ಡದು, ದೀರ್ಘವಾದ ಖಡ್ಗಯುದ್ಧದಲ್ಲಿ ಚಿಕ್ಕದು. ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ.

ಆಕ್ಷೇಪಣೆಗೆ ಹುರುಳೇ ಇಲ್ಲವೆಂದಲ್ಲ. ೧೯೭೪ರಲ್ಲಿ ಅಮೆರಿಕದ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದಲ್ಲಿ ಒಬ್ಬೊಬ್ಬ ಆಟಗಾರನಿಗೂ ಸೈನ್ಯದ ಬದಲು ಒಂದೊಂದು ಪಾತ್ರ; ಅಲ್ಲಿಂದ ಜನಪ್ರಿಯವಾದ ದಾಳಕ್ಕೆ ೨೦ ಮುಖಗಳು. ಇಂಥ ದಾಳದಲ್ಲಿ ೧ ಬಿದ್ದರೆ ಕತ್ತಿ ಕೈಜಾರಿತೆಂದು ಕೆಲವು ಆಟಗಾರರು ತಾವಾಗಿಯೇ ನಿಯಮ ಸೇರಿಸಿಕೊಳ್ಳುವುದುಂಟು. ಇಪ್ಪತ್ತು ಬಾರಿ ಕತ್ತಿ ಬೀಸಿದವನು ಒಮ್ಮೆಯಾದರೂ ಅದನ್ನು ಕೈಬಿಡುವ ಸಂಭಾವ್ಯತೆ ಆಗ ನೂರಕ್ಕೆ ೬೪ ಆಗುತ್ತದೆ! ಗರಡಿಯಲ್ಲಿ ಪಳಗಿದವನಿಗೆ ಇದು ಅಪಮಾನವೇ ಸರಿ. ಇಲ್ಲಿಯೂ ದೋಷವಿರುವುದು ದಾಳದಲ್ಲಲ್ಲ, ಲೆಕ್ಕ ಮಾಡದೆ ನಿಯಮ ಬರೆದವರಲ್ಲಿ.

ಮಲೆನಾಡಿನ ಮನೆಯಲ್ಲಿ ಇಪ್ಪತ್ತು ಮುಖದ ದಾಳ ದೊರೆಯಲಿಕ್ಕಿಲ್ಲ. ಚೌಕಾಬಾರದ ಕವಡೆಗಳು ದೊರೆಯುತ್ತವೆ. ನಾಲ್ಕು ಕವಡೆಗಳನ್ನು ಎಸೆದರೆ ಒಟ್ಟು ೧೬ ರೀತಿಗಳಲ್ಲಿ ಅವು ಬೀಳಬಹುದು. ಅವುಗಳಲ್ಲಿ ಎರಡು ಕವಡೆಗಳು ಬಾಯಿ ಮೇಲಾಗಿ ಬೀಳುವ ರೀತಿಗಳು ೬. ಒಂದು ಬೀಳುವುದು ೪, ಮೂರು ಬೀಳುವುದು ೪. ನಾಲ್ಕೂ ಮೇಲಾದ ಚೌಕಕ್ಕೆ ಒಂದೇ ರೀತಿ. ನಾಲ್ಕೂ ಬೋರಲಾದ, ಎಂಟು ಎಣಿಸುವ ಬಾರಕ್ಕೂ ಒಂದೇ. ಸಾಧಾರಣ ಫಲಗಳು ಮೇಲಿಂದ ಮೇಲೆ, ಅಸಾಧಾರಣವಾದವು ಅಪರೂಪಕ್ಕೆ ಬರುವ ಈ ಹಂಚಿಕೆ ಕಾಳಗಕ್ಕೆ ಇಪ್ಪತ್ತು ಮುಖದ ದಾಳಕ್ಕಿಂತ ಚೆನ್ನಾಗಿ ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಆದರೆ ಕವಡೆಯ ಎರಡು ಮಗ್ಗುಲುಗಳೂ ಸಮಾನವಲ್ಲ. ಮೇಲಿನ ಲೆಕ್ಕ ಸಮಾನವೆಂದು ಭಾವಿಸಿ ಮಾಡಿದುದು. ನಿಮ್ಮ ಮನೆಯ ಕವಡೆಗಳನ್ನು ಇನ್ನೂರು ಬಾರಿ ಎಸೆದು, ಫಲಗಳನ್ನು ಬರೆದಿಟ್ಟುಕೊಂಡು, ವ್ಯತ್ಯಾಸವೆಷ್ಟೆಂಬುದನ್ನು ನೀವೇ ಕಂಡುಕೊಳ್ಳಬಹುದು. (ವೇದಕಾಲದ ಜೂಜುಗಾರರಿಗೆ ದಾಳವಾಗಿ ಒದಗುತ್ತಿದ್ದುದು ತಾರೆಯ ಕಾಯಿ. ತ್ರಿಫಲೆಯಲ್ಲಿ ಒಂದಾದ ಅದರ ಮರ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಇಂದಿಗೂ ಬೆಳೆಯುತ್ತದೆ.)

ಎಸೆದಾದ ಮೇಲೆ ಬಿದ್ದ ಫಲವು ಅವಾಸ್ತವವೆಂದು ತೋರಿದರೆ ಅದನ್ನು ತಿದ್ದಬಹುದೇ? ಈ ಪ್ರಶ್ನೆಯ ಮೇಲೆ ಸಹಸ್ರಾರು ಪ್ರಾಣಗಳು ನಿಂತಿದ್ದ ಒಂದು ಪ್ರಸಂಗ ಇತಿಹಾಸದಲ್ಲಿದೆ. ೧೯೪೨ರ ಮೇ ತಿಂಗಳಿನಲ್ಲಿ ಜಪಾನಿನ ನೌಕಾಸೇನೆಯವರು ಮಿಡ್ವೇ ದ್ವೀಪದ ಮೇಲಿನ ದಾಳಿಯನ್ನು ಯಮಾಟೊ ಎಂಬ ಯುದ್ಧನೌಕೆಯಲ್ಲಿ ಮೇಜಿನ ಮೇಲೆ ಆಡಿ ನೋಡಿದರು. ಆಗ ಮಧ್ಯಸ್ಥರಲ್ಲಿ ಒಬ್ಬನಾಗಿದ್ದ ಒಕುಮಿಯ ಎಂಬ ಅಧಿಕಾರಿಯು ಫುಚಿದನೊಡನೆ ಸೇರಿ ಬರೆದ ಗ್ರಂಥದಲ್ಲಿ ಇದರ ವೃತ್ತಾಂತವಿದೆ. ದ್ವೀಪದಿಂದ ಬಂದ ಶತ್ರುವಿಮಾನಗಳು ಬಾಂಬು ಹಾಕಿದುವೆಂಬ ಸನ್ನಿವೇಶದಲ್ಲಿ ದಾಳವನ್ನೆಸೆಯಲು ೯ ಬಾಂಬುಗಳು ತಗಲಿದುವೆಂದೂ, ಅಕಾಗಿ ಮತ್ತು ಕಾಗಾ ಎಂಬ ಎರಡು ವಿಮಾನವಾಹಕ ಹಡಗುಗಳು ಮುಳುಗಿದುವೆಂದೂ ಫಲ ಬಂದಿತು. ಕ್ರೀಡೆಯ ಮೇಲ್ವಿಚಾರಕನಾಗಿದ್ದ ಉಗಾಕಿ ಎಂಬ ಸೇನಾನಿಯು ಅದನ್ನು ತಡೆದು, ತಗಲಿದ ಬಾಂಬುಗಳು ಮೂರೇ ಎಂದು ತಿದ್ದಿದನು. ಅಕಾಗಿ ಉಳಿಯಿತು. ಮುಳುಗಿದ ಕಾಗಾ ಕೂಡ ಕ್ರೀಡೆಯ ಮುಂದಿನ ಭಾಗದಲ್ಲಿ ಮತ್ತೆ ತೇಲಿ ಬಂದಿತು! ಜೂನ್ ೪ರಂದು ಪ್ರಾರಂಭವಾದ ನಿಜವಾದ ಕದನದಲ್ಲಿ ಅಕಾಗಿ, ಕಾಗಾ, ಸೊರ್ಯು, ಹಿರ್ಯು ನಾಲ್ಕೂ ಹಡಗುಗಳು ನಾಶವಾದುವು.

ಉಗಾಕಿಯ ಪರವಾಗಿ ಒಂದು ಮಾತನ್ನು ಹೇಳಬೇಕು. ನಿಜವಾದ ಕದನದಲ್ಲಿ ದ್ವೀಪದಿಂದ ಬಂದ ವಿಮಾನಗಳ ಒಂದು ಬಾಂಬೂ ಆ ಹಡಗುಗಳಿಗೆ ತಗಲಲಿಲ್ಲ. ಅವುಗಳನ್ನು ನಾಶಮಾಡಿದವು ಅಮೆರಿಕದ ವಿಮಾನವಾಹಕ ಹಡಗುಗಳಿಂದ ಎದ್ದು ಬಂದ ವಿಮಾನಗಳು. ಒಂಬತ್ತು ಹೆಚ್ಚಾಯಿತೆಂಬ ಅವನ ವಿವೇಚನೆ ಅಸಂಬದ್ಧವಾಗಿರಲಿಲ್ಲ. ಹಾಗೆ ತೋರಿದ್ದರೆ ಎಸೆಯುವುದಕ್ಕೆ ಮುಂಚೆ ಕೋಷ್ಟಕವನ್ನು ತಿದ್ದಬೇಕಾಗಿತ್ತು. ಎಸೆದ ಮೇಲೆ, ಅದೂ ತನ್ನ ಪಕ್ಷಕ್ಕೆ ಅನುಕೂಲವಾಗುವಂತೆ ತಿದ್ದಿದುದರಿಂದ ಆ ಕ್ರೀಡೆಯಿಂದ ಕಲಿಯಬಹುದಾಗಿದ್ದುದು, ಎರಡು ಹಡಗುಗಳನ್ನು ಒಮ್ಮೆಗೇ ಕಳೆದುಕೊಂಡರೆ ಮುಂದೇನು ಎಂಬ ಪ್ರಶ್ನೆ, ಮೇಜಿನ ಮೇಲಿನಿಂದಲೇ ಮಾಯವಾಯಿತು.

ನಮ್ಮ ಗೆಳೆಯರೂ ಹೀಗೆ ಮಾಡಬಹುದು. ಕಾಳಗಕ್ಕೆ ಮೊದಲು ಇಬ್ಬರೂ ಕುಳಿತು, ಮಳೆಯಲ್ಲಿ ಕೋವಿ ಹಾರುವುದೆಷ್ಟು, ಏರುದಾರಿಯಲ್ಲಿ ಓಡಿಬಂದವನ ಕೈ ನಡುಗುವುದೆಷ್ಟು ಎಂದು ವಾದಿಸಲಿ. ಗ್ರಂಥಗಳನ್ನು ನೋಡಲಿ, ಕತ್ತಿಯಷ್ಟು ತೂಕದ ಕಬ್ಬಿಣವನ್ನು ಹತ್ತು ನಿಮಿಷ ಬೀಸಿ ನೋಡಲಿ. ವಿವೇಚನೆಗೆ ತಕ್ಕ ಕಾಲ ಅದು. ನಿಶ್ಚಯವಾಗಿ ಆಗುವುದಕ್ಕೂ, ಆಗಲಾರದ್ದಕ್ಕೂ ದಾಳವನ್ನು ಮುಟ್ಟುವುದೇ ಬೇಡ. ಕೋಟೆಯ ಗೋಡೆಯನ್ನು ಕತ್ತಿಯಿಂದ ಕೆಡವಲು ಆರು ಬಿದ್ದರೂ ಸಾಲದು. ಸಂದೇಹವಿರುವಲ್ಲಿ ಮಾತ್ರ ಎಸೆಯಲಿ. ಬಿದ್ದ ಫಲವು ಹೇಗೆ ಸಂಭವಿಸಿತೆಂಬುದನ್ನು ಸೋತವನೇ ಬರೆಯಲಿ. ತನ್ನ ಯೋಧನು ಎಡವಿದುದು ಒದ್ದೆಯಾದ ಬೇರಿನ ಮೇಲೋ, ಜಂಬಿಟ್ಟಿಗೆಯ ಮೆಟ್ಟಿಲಿನ ಮೇಲೋ ಎಂಬುದು ಅವನ ಕಲ್ಪನೆಗೆ ಬಿಟ್ಟ ವಿಷಯ.

ಯಾವ ಕೋಷ್ಟಕದಲ್ಲಿಯೂ ಹಿಡಿಯದ ಸಂಗತಿಗಳೂ ಉಂಟು. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಅಂದಿನ ಬಿದನೂರು. ಸುತ್ತಲಿನ ದಟ್ಟವಾದ ಕಾಡುಗುಡ್ಡಗಳೇ ಅದಕ್ಕೆ ಮೊದಲ ರಕ್ಷೆಯಾಗಿದ್ದವು. ೧೭೬೩ರಲ್ಲಿ ಹೈದರಾಲಿಯು ಅದನ್ನು ಹಿಡಿದುದು, ಹಿಂದಿನ ಮಂತ್ರಿಯೊಬ್ಬನು ತೋರಿಸಿದ ಗುಪ್ತವಾದ ಕಾಲುದಾರಿಯಿಂದ ಎಂದು ಮೈಸೂರಿನ ಇತಿಹಾಸವನ್ನು ಬರೆದ ವಿಲ್ಕ್ಸ್ ಹೇಳುತ್ತಾನೆ. ಕೋವಿಗಳನ್ನೂ ಕುದುರೆಗಳನ್ನೂ ಎಷ್ಟು ಎಣಿಸಿ ಸಂಭಾವ್ಯತೆ ಕಟ್ಟಿದರೂ ಈ ದಾರಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಂಥದನ್ನು ಆಟದಲ್ಲಿ ತರಬೇಕೆಂದಿದ್ದರೆ ಹೊಸನಗರದ ಮೂರನೆಯ ಗೆಳೆಯನೊಬ್ಬನನ್ನು ಮಧ್ಯಸ್ಥನನ್ನಾಗಿ ಮಾಡಿಕೊಳ್ಳಬೇಕಾಗುತ್ತದೆ. ಅವನು ಆಟ ಮೊದಲಾಗುವ ಮುನ್ನ ಅಂಥ ಗುಟ್ಟನ್ನು ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಇಟ್ಟಿರಬೇಕು.