ಏಳು ಡಿಗ್ರಿಯ ಕೆಳಗಿನ ರಬ್ಬರು

ಚಳಿಯ ವಿಷಯದಲ್ಲಿ ಮಾತನಾಡುವ ಅಧಿಕಾರ ಬೆಂಗಳೂರಿನವರಿಗೆ ಇಲ್ಲವೆಂದು ಉತ್ತರದೇಶದ ಮಿತ್ರರು ಹಾಸ್ಯ ಮಾಡುವುದುಂಟು. ಡಿಸೆಂಬರು ಬಂದೊಡನೆ ಗಾಂಧಿ ಬಜಾರಿನಲ್ಲಿ ಮಂಕಿ ಕ್ಯಾಪುಗಳೂ ಮಫ್ಲರುಗಳೂ ಸಂಚಾರಕ್ಕೆ ಹೊರಡುತ್ತವೆ, ನಿಜ. ಆದರೆ ದಾಖಲೆಯಲ್ಲಿ ಈ ಊರಿನ ಉಷ್ಣಮಾನ ಅತ್ಯಂತ ಕೆಳಗೆ ಇಳಿದದ್ದು 1884ರ ಜನವರಿಯಲ್ಲಿ, ಅದೂ 7.8 ಡಿಗ್ರಿ ಸೆಂಟಿಗ್ರೇಡಿಗೆ. ಈ ಅಂಕಿಯನ್ನು ಎತ್ತಿದ್ದಕ್ಕೆ ಕಾರಣವಿದೆ. ಮೋಟಾರಿನ ಟೈರುಗಳನ್ನು ಬಲ್ಲವರು ಸುಮಾರು 7 ಡಿಗ್ರಿಯನ್ನು ಒಂದು ಗಡಿಯೆಂದು ಎಣಿಸುತ್ತಾರೆ. ಅದರ ಮೇಲೆ ಸಾಧಾರಣ ಟೈರು. ಅದರ ಕೆಳಗೆ ಚಳಿಗಾಲದ ಟೈರು. ನಮ್ಮ ಊರು ಆ ಗಡಿಯ ಹೊಸ್ತಿಲವರೆಗೆ ಹೋಗಿ ಹಿಂದಿರುಗಿದೆ. ಆದ್ದರಿಂದಲೇ ಪುರಭವನದಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆಯಲ್ಲಿ ಟೈರು ಕೊಳ್ಳಲು ಹೋದವರು ಕೇಳುವುದು ಒಂದೇ ಮಾತು: “ಎಷ್ಟು ಸಾವಿರ ಕಿಲೋಮೀಟರು ಬರುತ್ತೆ?” ಗಟ್ಟಿಯಾದದ್ದೇ ಒಳ್ಳೆಯದು ಎಂಬುದು ಇಲ್ಲಿಯ ನ್ಯಾಯ.

ಈ ನ್ಯಾಯ ತಲೆಕೆಳಗಾಗುವ ಊರೊಂದರಲ್ಲಿ ನನ್ನ ಅಕ್ಕನ ಮಗನಿದ್ದಾನೆ. ಅಕ್ಕ ಮಲ್ಲೇಶ್ವರದವಳು, ಮಗನಿಗೆ ಕೆನಡಾದ ಟೊರಾಂಟೋ ನಗರದಲ್ಲಿ ಉದ್ಯೋಗ. ಕಳೆದ ಬೇಸಗೆಯಲ್ಲಿ ಅವನು ಮಜ್ದಾ ಎಂಎಕ್ಸ್-5 ಎಂಬ ಕೆಂಪು ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ. ಇಬ್ಬರೇ ಕೂರಬಲ್ಲ, ಮೇಲಿನ ಹೊದಿಕೆಯನ್ನು ಮಡಚಿಡಬಲ್ಲ, ನೆಲಕ್ಕೆ ಅಂಟಿದಂತೆ ಓಡುವ ಗಾಡಿ. ಎಂಜಿನು ಮುಂದೆ, ಅದರ ಬಲ ಹೋಗುವುದು ಹಿಂದಿನ ಗಾಲಿಗಳಿಗೆ. ಡಿಸೆಂಬರಿನಲ್ಲಿ ಅಕ್ಕ ಅವನಲ್ಲಿಗೆ ಹೊರಟಿದ್ದಳು. ವಿಮಾನ ಇಳಿದ ಮೇಲೆ ಆ ಎರಡನೆಯ ಆಸನದಲ್ಲಿ ಕೂರಬೇಕಾದವಳು ಅವಳೇ. ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ತಮ್ಮನೊಬ್ಬ ಬಸವನಗುಡಿಯಲ್ಲಿರುವಾಗ, ಮಗನನ್ನು ವಿಚಾರಿಸುವ ಕೆಲಸ ಮತ್ತಾರಿಗೆ ಬಂದೀತು?

ವಿಚಾರಿಸಿದೆ. “ಮಾವ, ಬಲವೆಲ್ಲ ಹಿಂದಿನ ಗಾಲಿಗಳದು ತಾನೆ? ಹಿಂದಕ್ಕೆ ಎರಡು ಚಳಿಗಾಲದ ಟೈರು ಹಾಕಿಸಿದರೆ ಸಾಕು. ಅರ್ಧ ಖರ್ಚು ಉಳಿಯುತ್ತದೆ” ಎಂದ. ನೆರೆಯ ಕ್ವಿಬೆಕ್ ಪ್ರಾಂತದಲ್ಲಾಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಅಲ್ಲಿ 2008ರಿಂದ ಕಾನೂನಿದೆ. ಈಗ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಟೊರಾಂಟೋ ಇರುವ ಒಂಟಾರಿಯೋದಲ್ಲಿ ಅಂಥ ಕಟ್ಟಳೆಯಿಲ್ಲ. ಹಾಕಿಸಿದವರಿಗೆ ವಿಮೆಯ ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂದು 2016ರಿಂದ ನಿಯಮವಿದೆ, ಅಷ್ಟೆ. ಮಿಕ್ಕದ್ದು ಅವರವರ ವಿವೇಕಕ್ಕೆ ಬಿಟ್ಟದ್ದು; ಮೂವತ್ತು ವಯಸ್ಸಿನ ಯುವಕನ ವಿವೇಕವಾದರೋ ಬಹುಮಟ್ಟಿಗೆ ಜೇಬಿನಲ್ಲಿರುತ್ತದೆ.

ಅವನಿಗೆ ನಾನು ಮೊದಲು ನೆನಪಿಸಿದ್ದು ಅವನ ಅಜ್ಜಿಯ ಕೊಬ್ಬರಿ ಎಣ್ಣೆಯ ಸೀಸೆಯನ್ನು. ಬೇಸಗೆಯಲ್ಲಿ ನೀರಿನಂತೆ ಹರಿಯುವ ಎಣ್ಣೆ ಧನುರ್ಮಾಸದ ಬೆಳಗಿನಲ್ಲಿ ಕಲ್ಲಾಗಿ ಕೂರುತ್ತದೆ. ಅದನ್ನು ಬಿಸಿಲಿಗಿಡದೆ ತಲೆಗೆ ಹಚ್ಚುವಂತಿಲ್ಲ. ರಬ್ಬರು ಹಾಗೆ ಒಂದೇ ಸಲಕ್ಕೆ ಹೆಪ್ಪುಗಟ್ಟುವುದಿಲ್ಲ, ಆದರೆ ಚಳಿ ಏರಿದಂತೆ ಬಿರುಸಾಗುತ್ತದೆ. ಒಂದೊಂದು ಟೈರೂ ರಸ್ತೆಯನ್ನು ಮುಟ್ಟುವುದು ಅಂಗೈಯಗಲದಷ್ಟೇ ಜಾಗದಲ್ಲಿ. ಆ ಅಂಗೈ ಮೆತ್ತಗಿದ್ದು ನೆಲದ ಉಬ್ಬುತಗ್ಗುಗಳಿಗೆ ಒಗ್ಗಿದರೆ ಹಿಡಿತ. ಬಿರುಸಾದರೆ ಹಿಮವೇ ಇಲ್ಲದ ಒಣರಸ್ತೆಯಲ್ಲೂ ಹಿಡಿತ ಕುಗ್ಗುತ್ತದೆ. ಚಳಿಗಾಲದ ಟೈರಿನ ರಬ್ಬರಿಗೆ ಸಿಲಿಕಾ ಮೊದಲಾದುವನ್ನು ಬೆರೆಸಿ, ಶೈತ್ಯದಲ್ಲಿಯೂ ಅದು ಮೆತ್ತಗಿರುವಂತೆ ಮಾಡಿರುತ್ತಾರೆ. ಮೈಮೇಲೆ ಬ್ಲೇಡಿನಿಂದ ಗೀರಿದಂಥ ನೂರಾರು ಸಣ್ಣ ಸೀಳುಗಳಿದ್ದು, ಅವು ಹಿಮವನ್ನು ಕಚ್ಚುತ್ತವೆ. ಫಿನ್ಲೆಂಡಿನವರು 1934ರಲ್ಲಿಯೇ ಲಾರಿಗಳಿಗಾಗಿ ಇಂಥ ಟೈರು ಮಾಡಿದರು. ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಚಿತ್ರವಿದ್ದರೆ ಅದು ಹಿಮದ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೆಂದು ತಿಳಿಯಬೇಕು. ‘ಎಂ ಪ್ಲಸ್ ಎಸ್’ ಎಂಬ ಅಕ್ಷರಗಳನ್ನಷ್ಟೇ ನಂಬಬಾರದು.

ಇನ್ನು ಹಿಂದಿನ ಗಾಲಿಯ ವಿಚಾರ. 1983ರ ಕೊನೆಗೆ ಮಾರುತಿ ಬರುವವರೆಗೂ ಈ ಬೀದಿಗಳಲ್ಲಿ ಓಡಿದ ಅಂಬಾಸಿಡರು, ಫಿಯಟ್ಟುಗಳೆಲ್ಲ ಹಿಂದಿನಿಂದ ತಳ್ಳುವ ಗಾಡಿಗಳೇ. ಸ್ಕೂಟರು ಇಂದಿಗೂ ಹಾಗೆಯೇ. ಮೊದಲ ಮಳೆಯ ಸಂಜೆ, ರಸ್ತೆಯ ಎಣ್ಣೆಯೂ ಉದುರಿದ ಹೊಂಗೆಹೂವೂ ನೀರಿನಲ್ಲಿ ಕಲಸಿರುವಾಗ ಬುಲ್ ಟೆಂಪಲ್ ರಸ್ತೆಯ ತಿರುವಿನಲ್ಲಿ ಆತುರಪಟ್ಟು ವೇಗ ಕೊಟ್ಟವರಿಗೆ, ಹಿಂಭಾಗ ಮೆಲ್ಲನೆ ಪಕ್ಕಕ್ಕೆ ಸರಿಯುವ ಆ ಒಂದು ಕ್ಷಣದ ಪರಿಚಯವಿರುತ್ತದೆ. ಟೊರಾಂಟೋದಲ್ಲಿ ಆ ಕ್ಷಣಕ್ಕೆ ನಾಲ್ಕು ತಿಂಗಳ ಆಯುಸ್ಸು.

ಹಾಗಾದರೆ ಹಿಂದಿನ ಎರಡೇ ಸಾಲವೆ? ಸಾಲವು. ಗಾಡಿಯನ್ನು ಹೊರಡಿಸುವುದು ಹಿಂದಿನ ಗಾಲಿ; ತಿರುಗಿಸುವುದು ಮುಂದಿನದು. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದಲ್ಲೂ ದೊಡ್ಡ ಪಾಲು ಮುಂದಿನದೇ. ಹಿಂದೆ ಮಾತ್ರ ಒಳ್ಳೆಯ ಟೈರಿದ್ದರೆ ಗಾಡಿ ಚೆನ್ನಾಗಿ ಹೊರಡುತ್ತದೆ, ಚೆನ್ನಾಗಿ ವೇಗ ಪಡೆಯುತ್ತದೆ, ತಿರುವಿನಲ್ಲಿ ಚಕ್ರ ತಿರುಗಿಸಿದರೂ ನೆಟ್ಟಗೆ ಮುಂದಕ್ಕೆ ಹೋಗುತ್ತದೆ! ಜಾರುವುದನ್ನು ತಡೆಯುವ ವಿದ್ಯುನ್ಮಾನ ಏರ್ಪಾಡು ಇದೆಯಲ್ಲ ಎಂದು ಅವನು ವಾದಿಸಿದ. ಅದು ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ್ದನ್ನು ಹುಟ್ಟಿಸಲಾರದು. ಡಿಕ್ಕಿಯಲ್ಲಿ ಮರಳಿನ ಮೂಟೆ ಇಡುವ ಹಳೆಯ ಉಪಾಯವೂ ಇಲ್ಲಿ ಬೇಡ. ಆ ಕಾರಿನ ಭಾರ ಮುಂದಕ್ಕೂ ಹಿಂದಕ್ಕೂ ಹೆಚ್ಚುಕಡಮೆ ಸಮನಾಗಿಯೇ ಹಂಚಿದೆ.

ಖರ್ಚಿನ ಮಾತಿಗೆ ಅಳತೆಯಲ್ಲಿಯೇ ಪರಿಹಾರ ದೊರೆಯಿತು. ಅವನ ಗಾಡಿಯಲ್ಲಿದ್ದುದು 205/45 ಆರ್ 17, ಎಂದರೆ 205 ಮಿಲಿಮೀಟರು ಅಗಲ, 17 ಅಂಗುಲದ ಚಕ್ರ. ಅದೇ ಕಾರಿನ ಸಾಧಾರಣ ಮಾದರಿಗೆ ಕಂಪನಿಯೇ 195/50 ಆರ್ 16 ಹಾಕುತ್ತದೆ. ಚಳಿಗಾಲಕ್ಕೆ ಈ ಕಿರಿದೇ ಮೇಲು. ಅಗಲವಾದದ್ದು ಕೆಸರುಹಿಮದ ಮೇಲೆ ತೇಲುತ್ತದೆ. ಕಿರಿದು ಅದನ್ನು ಸೀಳಿ ನೆಲ ಮುಟ್ಟುತ್ತದೆ. ಬೆಲೆಯೂ ಸಾಮಾನ್ಯವಾಗಿ ಕಡಮೆ. ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಸವೆಯದೆ ವಿಶ್ರಮಿಸುವುದರಿಂದ ಹಣ ಪೂರ್ತಿ ನಷ್ಟವೂ ಅಲ್ಲ. ಆದರೆ ವಸಂತ ಬಂದೊಡನೆ ಬಿಚ್ಚಿಡಬೇಕು; ಬಿಸಿಲಿನಲ್ಲಿ ಆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ. ಗಾಳಿಯನ್ನೂ ಆಗಾಗ ನೋಡುತ್ತಿರಬೇಕು. ಉಷ್ಣಮಾನ ಐದಾರು ಡಿಗ್ರಿ ಇಳಿದರೆ ಒತ್ತಡ ಸುಮಾರು ಒಂದು ಪೌಂಡು ಇಳಿಯುತ್ತದೆ.

ಒಂದನ್ನು ಮಾತ್ರ ಯಾವ ಟೈರೂ ಮಾಡಲಾರದು. ಹಿಮ ಗೇಣುದ್ದ ಬಿದ್ದ ದಿನ ಆ ತಗ್ಗುಗಾಡಿಯ ಹೊಟ್ಟೆಯೇ ಹಿಮದ ಮೇಲೆ ಕೂತು ಗಾಲಿಗಳು ಸುಮ್ಮನೆ ಸುತ್ತುತ್ತವೆ. ಅಂದು ಬಸ್ಸೇ ಗತಿ. ಇದನ್ನು ಅವನು ಮರುಮಾತಿಲ್ಲದೆ ಒಪ್ಪಿದ.

ನವೆಂಬರಿನ ಮೊದಲ ವಾರ ನಾಲ್ಕೂ ಹಾಕಿಸಿ ಚಿತ್ರ ಕಳುಹಿಸಿದ. ನಾನು ಕನ್ನಡಕ ಏರಿಸಿ ನೋಡಿದ್ದು ಮೂರು ಶಿಖರಗಳ ಗುರುತನ್ನೂ, ತಯಾರಾದ ವಾರ, ವರ್ಷಗಳನ್ನು ಹೇಳುವ ನಾಲ್ಕು ಅಂಕಿಗಳನ್ನೂ. ಅಕ್ಕನಿಗೆ ತೋರಿಸಿದೆ. ಆಯುಧಪೂಜೆ ಕಳೆದು ಬಹಳ ದಿನವಾಯಿತಲ್ಲ, ಹೊಸ ಗಾಲಿಗಳಿಗೆ ನಿಂಬೆಹಣ್ಣು ಇಟ್ಟನೇ ಇಲ್ಲವೇ ಎಂಬುದಷ್ಟೇ ಅವಳ ಪ್ರಶ್ನೆ.