ದ್ವೀಪದ ಪಾದ್ರಿ ನಗರಕ್ಕೆ ಬಂದಾಗ

ಮಿಶನರಿ ಎಂದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವ ಹೆಸರು ರೆವರೆಂಡ್ ಕಿಟ್ಟೆಲರದು. ಮತಪ್ರಚಾರಕ್ಕೆಂದು 1853ರಲ್ಲಿ ನಮ್ಮ ನಾಡಿಗೆ ಬಂದ ಆ ಜರ್ಮನ್ ಪಾದ್ರಿಗಳನ್ನು ನಾವು ಇಂದು ನೆನೆಯುವುದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿಗಾಗಿ. ಕಲಿಸಲೆಂದು ಬಂದವರು ತಾವೇ ಕಲಿತುದಕ್ಕೆ ಅದೊಂದು ನಿದರ್ಶನ. ಅಂಥದೇ ಇನ್ನೊಬ್ಬರ ವೃತ್ತಾಂತವನ್ನು ಸೋದರ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಅವರ ಹೆಸರು ಮೋರಿಸ್ ಲೇನಾರ್ಟ್. ಶಾಂತಸಾಗರದ ಒಂದು ದ್ವೀಪದ ಹಳ್ಳಿಗರ ನಡುವೆ ಯೌವನವನ್ನೆಲ್ಲ ಕಳೆದು, ಬಳಿಕ ಪ್ಯಾರಿಸ್ ನಗರಕ್ಕೆ ಮರಳಿ, ಅಲ್ಲಿಯ ವಿದ್ವಾಂಸರಿಗೆ ಆ ಹಳ್ಳಿಗರ ಮನಸ್ಸನ್ನು ತಿಳಿಯಹೇಳಿದವರು ಅವರು.

ಆಸ್ಟ್ರೇಲಿಯದ ಪೂರ್ವಕ್ಕೆ ನ್ಯೂ ಕ್ಯಾಲೆಡೋನಿಯ ಎಂಬ ದ್ವೀಪವಿದೆ. ಅಲ್ಲಿಯ ಮೂಲನಿವಾಸಿಗಳು ಕನಾಕರು. 1853ರಲ್ಲಿ ಫ್ರೆಂಚರು ಅದನ್ನು ವಶಪಡಿಸಿಕೊಂಡು, 1864ರಿಂದ ತಮ್ಮ ಕೈದಿಗಳನ್ನು ಸಾಗಿಸುವ ಸ್ಥಳವಾಗಿ ಮಾಡಿದರು. ವಲಸೆ ಬಂದವರ ದನಗಳು ಕನಾಕರ ಗೆಣಸಿನ ತೋಟಗಳನ್ನು ತುಳಿದವು. ಒಳ್ಳೆಯ ಭೂಮಿಯೆಲ್ಲ ಕೈಬಿಟ್ಟು, ಗೆರೆ ಕೊರೆದು ಕೊಟ್ಟ ಜಾಗಗಳಲ್ಲಿ ಅವರು ಬಾಳಬೇಕಾಯಿತು. 1878ರಲ್ಲಿ ಅತಾಯಿ ಎಂಬ ನಾಯಕನ ಕೆಳಗೆ ಅವರು ದಂಗೆಯೆದ್ದರು, ದಂಗೆಯನ್ನು ಅಡಗಿಸಲಾಯಿತು. ಅದೇ ವರ್ಷ ಫ್ರಾನ್ಸಿನ ಮೊಂತೊಬಾನ್ ಊರಿನಲ್ಲಿ ಲೇನಾರ್ಟರು ಹುಟ್ಟಿದರು.

1902ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಹೊಸದಾಗಿ ಮದುವೆಯಾದ ಪತ್ನಿಯೊಡನೆ ಅವರು ದ್ವೀಪದ ರಾಜಧಾನಿ ನೂಮೆಯಾದಲ್ಲಿ ಬಂದಿಳಿದರು. ಅಲ್ಲಿಯ ಮೇಯರು ಅವರನ್ನು ಕಂಡು, ಇಲ್ಲಿ ನಿಮಗೇನು ಕೆಲಸ, ಹತ್ತು ವರ್ಷದಲ್ಲಿ ಕನಾಕರೇ ಇರುವುದಿಲ್ಲವಲ್ಲ ಎಂದರಂತೆ. ಒಂದು ಜನಾಂಗ ಅಳಿಯುವುದನ್ನು ಮಳೆ ನಿಲ್ಲುವ ಮಾತಿನಷ್ಟು ಸುಲಭವಾಗಿ ಆಡಬಲ್ಲ ಕಾಲ ಅದು.

ಲೇನಾರ್ಟರು ವಾಯಿಲು ಎಂಬ ಕಣಿವೆಗೆ ಹೋಗಿ ನೆಲಸಿ, ದೊ ನೇವಾ ಎಂಬ ಶಾಲೆಯನ್ನು ಕಟ್ಟಿದರು. ಅವರಿಗಿಂತ ಮುಂಚೆಯೇ ನೆರೆಯ ಲಾಯಲ್ಟಿ ದ್ವೀಪಗಳ ಉಪದೇಶಕರು ಅಲ್ಲಿ ಕ್ರೈಸ್ತಮತವನ್ನು ಹರಡಿದ್ದರು. ಅವರನ್ನು ಬೆಳಸುವುದು, ಕುಡಿತದಿಂದ ಜನರನ್ನು ಬಿಡಿಸುವುದು, ಅಕ್ಷರ ಕಲಿಸುವುದು ಇವೆಲ್ಲ ಅವರ ನಿತ್ಯದ ಕೆಲಸವಾಯಿತು. ಆದರೆ ಎಲ್ಲಕ್ಕಿಂತ ಕಠಿನವಾದುದು ಬೈಬಲಿನ ಅನುವಾದ. ತಾವೊಬ್ಬರೇ ಕುಳಿತು ಪದ ಹುಡುಕುವುದನ್ನು ಬಿಟ್ಟು, ಅವರು ಹಿರಿಯರನ್ನೂ ಶಿಷ್ಯರನ್ನೂ ಕೂಡಿಸಿಕೊಂಡು ಚರ್ಚಿಸುತ್ತಿದ್ದರು. ಅವರ ಕಥೆಗಳನ್ನೂ ಆಚಾರಗಳನ್ನೂ ಅವರ ಭಾಷೆಯಲ್ಲಿಯೇ, ಅವರ ಕೈಯಲ್ಲಿಯೇ ನೋಟ್‌ಬುಕ್ಕುಗಳಲ್ಲಿ ಬರೆಯಿಸಿದರು.

ಪಾಪವಿಮೋಚನೆ ಎಂಬ ಭಾವಕ್ಕೆ ಎಷ್ಟು ಹುಡುಕಿದರೂ ಸರಿಯಾದ ಮಾತು ಸಿಗಲಿಲ್ಲ. ಕಡೆಗೆ ಕನಾಕರೇ ಒಂದು ಮಾತನ್ನು ಕೊಟ್ಟರು: ‘ನಾವಿ’. ಕಾಳಗದ ರಕ್ತದಿಂದಲೋ ಬೇರಾವ ಕೇಡಿನಿಂದಲೋ ಶಾಪಗ್ರಸ್ತವಾದ ನೆಲದಲ್ಲಿ ಒಂದು ಸಣ್ಣ ಗಿಡವನ್ನು ನೆಟ್ಟು, ಆ ನೆಲವನ್ನು ಮತ್ತೆ ಬಾಳುವೆಗೆ ಯೋಗ್ಯವಾಗಿ ಮಾಡುವ ಆಚರಣೆ ಅದು. ಆ ಹೊಸ ಒಡಂಬಡಿಕೆ 1922ರಲ್ಲಿ ಅಚ್ಚಾಯಿತು. ನಿಘಂಟಿನ ಅರ್ಥಕ್ಕೂ ನೆಲದಿಂದ ಎದ್ದ ಮಾತಿಗೂ ಇರುವ ಅಂತರವನ್ನು ತಿಳಿಯಲು ಈ ಒಂದು ಉದಾಹರಣೆ ಸಾಕು.

ಕನಾಕರ ಭಾಷೆಯಲ್ಲಿ ‘ಕಾಮೊ’ ಎಂದರೆ ಬದುಕುಳ್ಳವನು, ಮನುಷ್ಯ. ಆದರೆ ಅವನು ಒಂಟಿಯಾಗಿ ಮನುಷ್ಯನಲ್ಲ. ತಂದೆಗೆ ಮಗನಾಗಿ, ಸೋದರಮಾವನಿಗೆ ಅಳಿಯನಾಗಿ, ಹೆಂಡತಿಗೆ ಗಂಡನಾಗಿ ಆತ ಇದ್ದಾನೆ. ಇದನ್ನು ಲೇನಾರ್ಟರು ಒಂದು ಚಿತ್ರದಿಂದ ವಿವರಿಸಿದರು: ಸುತ್ತಲೂ ಕಿರಣಗಳಂತೆ ಗೆರೆಗಳು, ಒಂದೊಂದು ಗೆರೆಯೂ ಒಂದೊಂದು ಸಂಬಂಧ, ನಡುವಿನ ಜಾಗ ಮಾತ್ರ ಬರಿದು. ಒಮ್ಮೆ ಅವರು ಬೋಸೂ ಎಂಬ ವೃದ್ಧ ಶಿಷ್ಯನೊಡನೆ ಮಾತನಾಡುತ್ತ, ನಾವು ನಿಮಗೆ ಆತ್ಮದ ಅರಿವನ್ನು ತಂದೆವಲ್ಲವೆ ಎಂದು ಕೇಳಿದರು. ಆತ ಒಪ್ಪಲಿಲ್ಲ. ಆತ್ಮವೇನೋ ನಮಗೆ ಮೊದಲೇ ಗೊತ್ತಿತ್ತು, ನೀವು ತಂದದ್ದು ದೇಹವನ್ನು ಎಂಬರ್ಥದ ಉತ್ತರ ಬಂದಿತು. ಸಂಬಂಧಗಳಿಂದ ಬೇರೆಯಾಗಿ, ತನ್ನ ಮೈಯ ಎಲ್ಲೆಯೊಳಗೆ ತಾನೊಬ್ಬನೇ ಇರುವ ವ್ಯಕ್ತಿ ಎಂಬ ಭಾವನೆಯೇ ಅವರಿಗೆ ಹೊಸದಾಗಿತ್ತು ಎಂದು ಲೇನಾರ್ಟರು ಇದನ್ನು ಅರ್ಥಮಾಡಿಕೊಂಡರು.

ಇದನ್ನು ಓದಿದಾಗ ನನಗೆ ನನ್ನ ಊರೇ ಕಣ್ಣಮುಂದೆ ಬಂದಿತು. ನಮ್ಮೂರಿನಲ್ಲಿ ಯಾರೂ ಹುಡುಗನ ಹೆಸರು ಕೇಳುವುದಿಲ್ಲ, “ಯಾರ ಮಗನಪ್ಪಾ ನೀನು?” ಎಂದು ಕೇಳುತ್ತಾರೆ. ಉತ್ತರ ಹೇಳಿದರೆ ಸಾಕು, ಮನೆ, ಹೊಲ, ಬೀಗತನ ಎಲ್ಲವೂ ಅವರಿಗೆ ತಿಳಿದುಹೋಗುತ್ತದೆ. ಕಾಲೇಜಿಗೆ ಬಂದ ದಿನ ನಾನು ಹಾಜರಿ ಪುಸ್ತಕದ ಒಂದು ಸಂಖ್ಯೆಯಾದೆ. ನಿಜ ಹೇಳಬೇಕೆಂದರೆ, ಅದು ನನಗೆ ಹಿತವಾಗಿಯೇ ಇತ್ತು. ಓದು ಬಾರದ ತಂದೆಯ ಮಗನೆಂದು ಇಲ್ಲಿ ಯಾರಿಗೂ ಗೊತ್ತಾಗಬೇಕಾಗಿರಲಿಲ್ಲ. ಊರಿನ ಮಾತನ್ನು ಹಾಸ್ಟೆಲಿನ ಬಾಗಿಲಲ್ಲೇ ಬಿಟ್ಟು ಬಂದೆ.

ಲೇನಾರ್ಟರು ಹಾಗೆ ಬಿಟ್ಟು ಬರಲಿಲ್ಲ. 1926ರಲ್ಲಿ ಅವರು ದ್ವೀಪವನ್ನು ತೊರೆದು ಪ್ಯಾರಿಸಿಗೆ ಬಂದರು. ಆ ನಗರ ಎಂಥದು? 1931ರಲ್ಲಿ ಅಲ್ಲಿ ವಸಾಹತುಗಳ ಮಹಾಪ್ರದರ್ಶನ ನಡೆದಾಗ, ಸುಮಾರು ನೂರು ಮಂದಿ ಕನಾಕರನ್ನು ಕರೆತಂದು, ಪ್ರಾಣಿಗಳನ್ನು ತೋರಿಸುವ ಒಂದು ಉದ್ಯಾನದಲ್ಲಿ ನರಭಕ್ಷಕರೆಂದು ಪ್ರದರ್ಶಿಸಿದರು. ಅವರಲ್ಲಿ ಅಕ್ಷರಸ್ಥರೂ ಕ್ರೈಸ್ತರೂ ಇದ್ದರು! ತಿಳಿವಳಿಕೆಯ ಬೋಧನೆ ಯಾರಿಗೆ ಅವಶ್ಯವಾಗಿತ್ತು, ಕಣಿವೆಗೋ ನಗರಕ್ಕೋ? ವಾಚಕರೇ ಯೋಚಿಸಲಿ.

ನಗರದಲ್ಲಿ ಅವರ ಬೋಧನೆ ನಡೆದದ್ದು ಗ್ರಂಥಗಳಿಂದ ಮತ್ತು ತರಗತಿಯಿಂದ. 1930, 1932, 1935ರಲ್ಲಿ ಕನಾಕರ ಆಚಾರ, ಕಥೆ, ವ್ಯಾಕರಣಗಳನ್ನು ಕುರಿತ ದೊಡ್ಡ ಗ್ರಂಥಗಳು ಬಂದವು. 1947ರಲ್ಲಿ ‘ದೊ ಕಾಮೊ’, ಎಂದರೆ ‘ನಿಜವಾದ ಮನುಷ್ಯ’. ಮಾರ್ಸೆಲ್ ಮೋಸ್ ಎಂಬ ಪ್ರಸಿದ್ಧ ವಿದ್ವಾಂಸರು ಯೆಹೂದಿಗಳಾಗಿದ್ದುದರಿಂದ ಜರ್ಮನರ ಆಕ್ರಮಣದ ಕಾಲದಲ್ಲಿ ತಮ್ಮ ಪೀಠವನ್ನು ತೊರೆಯಬೇಕಾಯಿತು. 1941ರಲ್ಲಿ ಲೇನಾರ್ಟರು ಅಲ್ಲಿಗೆ ಬಂದರು. ಅವರ ತರುವಾಯ ಬಂದವರು ಲೆವಿ-ಸ್ಟ್ರೌಸ್. ಆದಿವಾಸಿಗಳ ಯೋಚನೆಯೇ ನಮ್ಮದಕ್ಕಿಂತ ಬೇರೆ ಜಾತಿಯದೆಂದು ವಾದಿಸಿದ್ದ ಲೆವಿ-ಬ್ರೂಲ್ ಅವರ ಮಿತ್ರರು. ಕೊನೆಗಾಲದಲ್ಲಿ ಅವರು ಆ ವಾದವನ್ನು ಸಡಿಲಿಸಿ ಬರೆದ ಟಿಪ್ಪಣಿಗಳು 1949ರಲ್ಲಿ ಪ್ರಕಟವಾದಾಗ ಮುನ್ನುಡಿ ಬರೆದವರು ಲೇನಾರ್ಟರೇ.

ಅವರಲ್ಲಿ ಕೊರತೆಯಿರಲಿಲ್ಲವೆಂದು ನಾನು ಹೇಳಲಾರೆ. ಅಧಿಕಾರಿಗಳ ಅನ್ಯಾಯವನ್ನು ಅವರು ಖಂಡಿಸಿದರು. ಫ್ರೆಂಚರ ಆಳ್ವಿಕೆಯನ್ನೇ ಬೇಡವೆನ್ನಲಿಲ್ಲ. ಕನಾಕರು ಬರೆದುಕೊಟ್ಟ ನೋಟ್‌ಬುಕ್ಕುಗಳಿಂದ ಲೋಕಪ್ರಸಿದ್ಧರಾದವರು ಅವರು, ಬರೆದವರಲ್ಲ. ಇದನ್ನೂ ನಾವು ಮರೆಯಬಾರದು.

1954ರಲ್ಲಿ ಲೇನಾರ್ಟರು ತೀರಿಕೊಂಡರು. ಮೇಯರರ ಭವಿಷ್ಯವೇನಾಯಿತು? 1921ರಲ್ಲಿ ಕನಾಕರು ಸುಮಾರು 27,000 ಮಂದಿ ಉಳಿದಿದ್ದರು. 2019ರ ಗಣತಿಯಲ್ಲಿ ತಾವು ಕನಾಕರೆಂದು ಬರೆಯಿಸಿದವರು 1,11,000ಕ್ಕೂ ಹೆಚ್ಚು. ಅವರನ್ನು ಉಳಿಸಿದವರು ಅವರೇ. ಆದರೆ ಅವರ ಮಾತನ್ನು ತಲೆಬಾಗಿ ಕೇಳಿದ ಒಬ್ಬರು ನಗರದಲ್ಲಿದ್ದರು ಎಂಬುದೂ ಸಣ್ಣ ವಿಷಯವಲ್ಲ.

ಈ ವರ್ಷ ಪದವಿ ಮುಗಿಸಿ ನಮ್ಮಲ್ಲಿ ಬಹುಮಂದಿ ನಗರಗಳಿಗೆ ಹೊರಡುವವರೇ. ಹೊರಡುವ ಮುನ್ನ, ಈ ಬೇಸಿಗೆ ರಜೆಯಲ್ಲಿ, ಮಳೆ ನಕ್ಷತ್ರಗಳನ್ನು ಕುರಿತು ನನ್ನ ತಂದೆ ಹೇಳುವ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕೆಂದಿದ್ದೇನೆ. ಮೊದಲ ಪುಟದಲ್ಲಿ ಅವರ ಹೆಸರಿರುತ್ತದೆ.