ಅಪ್ಪನನ್ನು ಎತ್ತುವ ಸ್ಲಿಂಗ್: ಆರ್ಡರ್ ಮಾಡುವ ಮುನ್ನ ಅಳತೆ ತಗೊಳ್ಳಿ

ಅಪ್ಪನ ತೂಕ 70 ಕೆ.ಜಿ. ಅವರನ್ನು ದಿನಕ್ಕೆ ನಾಲ್ಕೈದು ಸಲ ಮಂಚದಿಂದ ವೀಲ್‌ಚೇರ್‌ಗೆ, ವೀಲ್‌ಚೇರ್‌ನಿಂದ ಕಮೋಡ್‌ಗೆ ದಾಟಿಸುವ ಅಮ್ಮನ ತೂಕ 52. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ. ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವ ನನಗೆ ಇದು ಹೊಸದಲ್ಲ. ಪಾರ್ಶ್ವವಾಯು ಆದವರ ಮನೆಗೆ ಹೋದರೆ ಎಷ್ಟೋ ಸಲ ಅಲ್ಲಿ ಇಬ್ಬರು ರೋಗಿಗಳಿರುತ್ತಾರೆ. ಒಬ್ಬರು ಮಂಚದ ಮೇಲೆ, ಇನ್ನೊಬ್ಬರು ಸೊಂಟ ಹಿಡಿದುಕೊಂಡು ಬಂದು ನನಗೆ ಬಾಗಿಲು ತೆಗೆಯುವವರು.

ರೋಗಿಯನ್ನು ಬರಿಗೈಯಲ್ಲಿ ಎತ್ತುವಾಗ ಒಬ್ಬರ ಮೇಲೆ ಎಷ್ಟು ಭಾರ ಬೀಳಬಹುದು? ಅಮೆರಿಕದ ಸಂಶೋಧಕ ಥಾಮಸ್ ವಾಟರ್ಸ್ 2007ರಲ್ಲಿ ಹೇಳಿದ ಮಿತಿ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಅದೂ ಎಲ್ಲ ಅನುಕೂಲವಿದ್ದಾಗ. ನಮ್ಮ ಅಮ್ಮಂದಿರು ಎತ್ತುತ್ತಿರುವುದು ಇದರ ಎಷ್ಟು ಪಟ್ಟು ಅಂತ ನೀವೇ ಲೆಕ್ಕ ಹಾಕಿ.

ಹಾಗಾಗಿ ದೂರದಲ್ಲಿರುವ ಮಕ್ಕಳು ಪೇಷಂಟ್ ಲಿಫ್ಟ್ ತರಿಸುವುದು ಒಳ್ಳೆಯದೇ. ಆದರೆ ಫೋನ್‌ನಲ್ಲಿ ಒಂದು ಮಾತು ಪದೇ ಪದೇ ಕೇಳಿಸುತ್ತದೆ: "ಮೇಡಂ, ಲಿಫ್ಟ್ ಆರ್ಡರ್ ಮಾಡ್ಬಿಟ್ಟೆ. ಸ್ಲಿಂಗ್ ಜೊತೆಗೆ ಫ್ರೀ." ತೊಂದರೆ ಇರುವುದು ಆ 'ಫ್ರೀ'ಯಲ್ಲಿ. ಮಗುವನ್ನು ಮಲಗಿಸುವ ಜೋಲಿ ನೆನಪಿಸಿಕೊಳ್ಳಿ. ತೂಗುವ ಕೊಕ್ಕೆ ಎಷ್ಟೇ ಗಟ್ಟಿ ಇರಲಿ, ಮಗುವನ್ನು ಹಿಡಿದಿರುವುದು ಬಟ್ಟೆ. ಇಲ್ಲೂ ಅಷ್ಟೇ. ಯಂತ್ರ ಮನೆಗೆ ಹೊಂದಬೇಕು, ಸ್ಲಿಂಗ್ ಮಾತ್ರ ಆ ಒಬ್ಬ ವ್ಯಕ್ತಿಯ ಮೈಗೇ ಹೊಂದಬೇಕು.

ಯಾರಿಗೆ ಯಾವುದು?

ಎರಡು ಕಾಲಿಗೂ ಬೇರೆ ಬೇರೆ ಪಟ್ಟಿ ಇರುವ 'ಯು' ಆಕಾರದ ಸ್ಲಿಂಗ್ ಹೆಚ್ಚು ಬಳಕೆಯಲ್ಲಿದೆ. ಕೂತಿರುವಾಗಲೂ ಹಾಕಿ ತೆಗೆಯಬಹುದು. ಕುತ್ತಿಗೆ ನಿಲ್ಲದವರಿಗೆ ತಲೆಗೂ ಆಸರೆ ಇರುವ ಫುಲ್ ಬಾಡಿ ಸ್ಲಿಂಗ್ ಬೇಕು. ಸ್ನಾನಕ್ಕಾದರೆ ನೀರು ಇಳಿದುಹೋಗುವ ಜಾಲರಿ ಬಟ್ಟೆಯದು.

ಟಾಯ್ಲೆಟ್ ಸ್ಲಿಂಗ್ ಬಗ್ಗೆ ಸ್ವಲ್ಪ ಎಚ್ಚರ. ಬಟ್ಟೆ ಬಿಚ್ಚಲು ಸುಲಭವಾಗಲಿ ಅಂತ ಅದರ ಹಿಂಭಾಗವನ್ನು ತೆರೆದೇ ಬಿಟ್ಟಿರುತ್ತಾರೆ. ಅಂದರೆ ಆಸರೆ ಕಡಿಮೆ. ಬೆನ್ನು ನೆಟ್ಟಗೆ ಹಿಡಿದು ಕೂರಬಲ್ಲವರಿಗೆ, ಹೇಳಿದ್ದು ಅರ್ಥವಾಗುವವರಿಗೆ ಮಾತ್ರ ಸರಿ. ಮೈ ಸಡಿಲ ಬಿಡುವವರು ಅದರಿಂದ ಜಾರಿಬಿಡಬಹುದು. ನಿಲ್ಲಿಸುವ ಲಿಫ್ಟ್‌ನ ಸ್ಲಿಂಗ್ ಕೂಡ ಹಾಗೆಯೇ, ಕಾಲ ಮೇಲೆ ಸ್ವಲ್ಪವಾದರೂ ಭಾರ ಹಾಕಬಲ್ಲವರಿಗೆ ಮಾತ್ರ. ಕಾಲು ತೆಗೆದಿರುವವರಿಗೆ ಬೇರೆಯದೇ ಸ್ಲಿಂಗ್ ಇದೆ. ಸೊಂಟದ ಆಪರೇಷನ್ ಆಗಿದ್ದರೆ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳದೆ ಯಾವುದನ್ನೂ ತರಿಸಬೇಡಿ.

ಟೇಪ್ ಹಿಡಿಯಿರಿ

ಒಂದು ಕಂಪನಿಯ 'ಮೀಡಿಯಂ' ಇನ್ನೊಂದರ 'ಲಾರ್ಜ್' ಆಗಬಹುದು. ಆದ್ದರಿಂದ ಮೂರು ಅಳತೆ ಬರೆದಿಟ್ಟುಕೊಳ್ಳಿ: ಕೂತಾಗ ಬೆನ್ನಿನ ಕೆಳತುದಿಯಿಂದ ನೆತ್ತಿಯವರೆಗಿನ ಎತ್ತರ, ತೊಡೆಯ ಸುತ್ತಳತೆ, ಈಗಿನ ತೂಕ. ಇವನ್ನು ಆ ಕಂಪನಿಯದೇ ಸೈಜ್ ಚಾರ್ಟ್ ಜೊತೆ ಹೋಲಿಸಿ. ಸ್ಲಿಂಗ್ ದೊಡ್ಡದಾದರೆ ವ್ಯಕ್ತಿ ನಡುವಿನಿಂದ ಜಾರುವ ಅಪಾಯ. ಚಿಕ್ಕದಾದರೆ ತೊಡೆಸಂದಿ ಕತ್ತರಿಸಿದಂತಾಗುತ್ತದೆ. ಕಾಯಿಲೆ ಬಿದ್ದವರ ಮೈ ಇಳಿಯುವುದು ಸಾಮಾನ್ಯ. ಹಾಗಾಗಿ ತೂಕ ಬದಲಾದರೆ ಮತ್ತೆ ಅಳೆಯಿರಿ.

ಲಿಫ್ಟ್ 150 ಕೆ.ಜಿ. ತಡೆಯುತ್ತದೆ, ಸ್ಲಿಂಗ್ 120 ತಡೆಯುತ್ತದೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಮಿತಿ 120. ಯಾವುದು ಕಡಿಮೆಯೋ ಅದೇ ಲೆಕ್ಕ. ಕುಣಿಕೆ ಇರುವ ಸ್ಲಿಂಗ್ ಬೇರೆ, ಕ್ಲಿಪ್ ಇರುವುದು ಬೇರೆ. ಒಂದರ ಲಿಫ್ಟ್‌ಗೆ ಇನ್ನೊಂದರ ಸ್ಲಿಂಗ್ ಸಿಕ್ಕಿಸಬೇಡಿ.

ಹಾಗೇ ಟೇಪನ್ನು ಮಂಚದ ಕೆಳಗೂ ಹಿಡಿಯಿರಿ. ಲಿಫ್ಟ್‌ನ ಕಾಲುಗಳು ಮಂಚದಡಿ ತೂರಬೇಕು. ನಮ್ಮ ಬಾಕ್ಸ್ ಮಂಚ, ದಿವಾನ್‌ಗಳ ಕೆಳಗೆ ಆ ಜಾಗವೇ ಇರುವುದಿಲ್ಲ. ಬಾತ್‌ರೂಮಿನ ಬಾಗಿಲ ಅಗಲ, ಹೊಸ್ತಿಲ ಎತ್ತರವನ್ನೂ ನೋಡಿ. ಹೊಸ್ತಿಲಿಗೆ ಚಕ್ರ ತಾಗಿ ಲಿಫ್ಟ್ ವಾಲಬಹುದು. ಮಂಚದಿಂದ ಕುರ್ಚಿಗೆ ದಾಟಿಸಲು ಮಾತ್ರ ಲಿಫ್ಟ್ ಬಳಸಿ, ರೂಮಿನಿಂದ ರೂಮಿಗೆ ವೀಲ್‌ಚೇರ್ ಸಾಕು.

ಎತ್ತುವ ಮುನ್ನ, ಎತ್ತುವಾಗ

ಏನು ಮಾಡುತ್ತಿದ್ದೇವೆ ಅಂತ ಮೊದಲು ಅವರಿಗೆ ಹೇಳಿ. ಮಾತು ನಿಂತುಹೋದವರಿಗೂ ಹೇಳಿ. "ನನ್ನನ್ನೇನು ಅಕ್ಕಿ ಮೂಟೆ ಅಂದ್ಕೊಂಡ್ರೇನ್ರೋ" ಎಂದು ಹಿರಿಯರೊಬ್ಬರು ಗದರಿದ್ದು ನನಗೆ ನೆನಪಿದೆ. ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಗಾಬರಿಯಾದವರು ಕೈ ಚಾಚಿ ಏನನ್ನಾದರೂ ಹಿಡಿದು ಎಳೆಯುತ್ತಾರೆ, ಆಗಲೇ ಲಿಫ್ಟ್ ಅಲುಗುವುದು.

ಮಂಚ, ವೀಲ್‌ಚೇರ್ ಎರಡರ ಬ್ರೇಕೂ ಹಾಕಿ. ಲಿಫ್ಟ್‌ನ ಕಾಲುಗಳನ್ನು ಪೂರ್ತಿ ಅಗಲಿಸಿ. ಎತ್ತುವಾಗ ಲಿಫ್ಟ್‌ನ ಚಕ್ರಕ್ಕೆ ಬ್ರೇಕ್ ಬೇಡ ಎಂದು ಹೆಚ್ಚಿನ ಕಂಪನಿಗಳು ಹೇಳುತ್ತವೆ, ಆದರೂ ನಿಮ್ಮ ಲಿಫ್ಟ್‌ನ ಕೈಪಿಡಿಯಲ್ಲಿ ಇರುವುದೇ ಕೊನೆ ಮಾತು. ಮೂತ್ರದ ಟ್ಯೂಬ್, ಆಹಾರದ ಟ್ಯೂಬ್ ಸಿಕ್ಕಿಹಾಕಿಕೊಂಡಿಲ್ಲ ತಾನೆ?

ಕುಣಿಕೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟಿರುವುದು ಚೆಂದಕ್ಕಲ್ಲ. ಎಡ ಭುಜಕ್ಕೆ ಯಾವ ಬಣ್ಣವೋ ಬಲಕ್ಕೂ ಅದೇ. ಕಾಲಿನದೂ ಹಾಗೆಯೇ. ಇಲ್ಲದಿದ್ದರೆ ಮೈ ಒಂದು ಕಡೆ ವಾಲುತ್ತದೆ. ಭುಜಕ್ಕೆ ಗಿಡ್ಡ, ಕಾಲಿಗೆ ಉದ್ದ ಕುಣಿಕೆ ಹಾಕಿದರೆ ಕೂತ ಭಂಗಿ. ತಿರುಗಿಸಿ ಹಾಕಿದರೆ ಒರಗಿದ ಭಂಗಿ. 'ಯು' ಸ್ಲಿಂಗ್‌ನ ಕಾಲಿನ ಪಟ್ಟಿಗಳನ್ನು ತೊಡೆಯಡಿಯಿಂದ ತಂದು, ಸಾಮಾನ್ಯವಾಗಿ ಒಂದರೊಳಗೊಂದು ದಾಟಿಸಿ ಕೊಕ್ಕೆಗೆ ಹಾಕುತ್ತಾರೆ.

ಇನ್ನು ಮುಖ್ಯವಾದದ್ದು. ಮೈ ಹಾಸಿಗೆಯಿಂದ ಒಂದೆರಡು ಇಂಚು ಮೇಲೆದ್ದ ಕೂಡಲೇ ನಿಲ್ಲಿಸಿ. ನಾಲ್ಕೂ ಕುಣಿಕೆ ಕೊಕ್ಕೆಯಲ್ಲಿ ಪೂರ್ತಿ ಕೂತಿವೆಯಾ, ಬಟ್ಟೆ ಎಲ್ಲಾದರೂ ಸುಕ್ಕಾಗಿದೆಯಾ, ಅವರಿಗೆ ಎಲ್ಲಾದರೂ ಒತ್ತುತ್ತಿದೆಯಾ? ಏನೇ ಅನುಮಾನ ಬಂದರೂ ಇಳಿಸಿ, ಮತ್ತೆ ಹಾಕಿ. ಎರಡು ಇಂಚಿನಿಂದ ಇಳಿಸುವುದು ಸುಲಭ. ಆಮೇಲೂ ಜಾಸ್ತಿ ಎತ್ತರ ಬೇಡ, ಕುರ್ಚಿ ದಾಟುವಷ್ಟು ಸಾಕು. ಸಾಧ್ಯವಾದಷ್ಟೂ ಇಬ್ಬರಿರಿ, ಒಬ್ಬರು ಲಿಫ್ಟ್‌ಗೆ, ಒಬ್ಬರು ಅವರ ಪಕ್ಕಕ್ಕೆ. ತೂಗುತ್ತಿರುವವರನ್ನು ಬಿಟ್ಟು ಕಾಲಿಂಗ್ ಬೆಲ್‌ಗೂ ಓಡಬೇಡಿ. ಬ್ಯಾಟರಿ ಲಿಫ್ಟ್ ಆದರೆ, ನಡುವೆ ಕೈಕೊಟ್ಟಾಗ ತುರ್ತಾಗಿ ಕೆಳಗಿಳಿಸುವುದು ಹೇಗೆ ಅಂತ ಮೊದಲ ದಿನವೇ ಕಲಿತಿರಿ.

ಇಳಿಸಿದ ಮೇಲೆ ಸ್ಲಿಂಗ್ ತೆಗೆದುಬಿಡಿ. "ಸಾಯಂಕಾಲ ಮತ್ತೆ ಬೇಕಲ್ಲ, ಇರ್ಲಿ ಬಿಡಿ" ಎಂದು ಅಡಿಯಲ್ಲೇ ಬಿಟ್ಟರೆ ಅದರ ಹೊಲಿಗೆ, ಸುಕ್ಕು ಒತ್ತಿ ಹುಣ್ಣಾಗಬಹುದು. ಅಡಿಯಲ್ಲೇ ಇರಲೆಂದು ತಯಾರಿಸಿದ ಸ್ಲಿಂಗ್ ಆದರೆ ಮಾತು ಬೇರೆ.

ಒಗೆಯೋದು, ಬಿಸಾಡೋದು

ಲೇಬಲ್‌ನಲ್ಲಿ ಹೇಳಿದಂತೆ ಒಗೆಯಿರಿ. ಬ್ಲೀಚ್ ಬೇಡ, ಇಸ್ತ್ರಿ ಬೇಡ, ನೂಲು ಶಕ್ತಿ ಕಳೆದುಕೊಳ್ಳುತ್ತದೆ. ಪ್ರತಿ ಸಲ ಬಳಸುವ ಮುನ್ನ ಹೊಲಿಗೆ, ಕುಣಿಕೆ, ಅಂಚು ನೋಡಿ. ನೂಲು ಎದ್ದಿದ್ದರೆ, ಹರಿದಿದ್ದರೆ, ಲೇಬಲ್ ಓದಲಾಗದಷ್ಟು ಮಾಸಿದ್ದರೆ ಅದರ ಕೆಲಸ ಮುಗಿಯಿತು. ಟೈಲರ್ ಹತ್ತಿರ ಹೊಲಿಸುವ ವಸ್ತು ಇದಲ್ಲ. ಬ್ರಿಟನ್ನಿನಲ್ಲಿ 1998ರ ನಿಯಮದ ಪ್ರಕಾರ, ಕೆಲಸದ ಜಾಗಗಳಲ್ಲಿ ಮನುಷ್ಯರನ್ನು ಎತ್ತುವ ಸಾಧನಗಳನ್ನು, ಸ್ಲಿಂಗ್ ಸಹಿತ, ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ತಜ್ಞರು ಪರೀಕ್ಷಿಸಬೇಕು. ಮನೆಯಲ್ಲಿ ಆ ತಪಾಸಣೆ ನಾವೇ ಮಾಡಬೇಕು. ಲಿಫ್ಟ್ ಬಾಡಿಗೆಗೆ ತಂದರೂ ಸ್ಲಿಂಗ್ ಹೊಸದನ್ನೇ ಕೊಳ್ಳಿ ಎನ್ನುವುದು ನನ್ನ ಸಲಹೆ. ಇನ್ನೊಬ್ಬರ ಮೈಗೆ ತಂದದ್ದು, ಎಷ್ಟು ವರ್ಷ ದುಡಿದಿದೆಯೋ ಗೊತ್ತಿರುವುದಿಲ್ಲ.

ಲಿಫ್ಟ್ ಮನೆಗೆ ಬಂದ ದಿನ ನೀವೂ ಊರಲ್ಲಿರುವ ಹಾಗೆ ರಜೆ ಹಾಕಿ. ಅಪ್ಪನಿಗಿಂತ ಮೊದಲು ನೀವೇ ಆ ಸ್ಲಿಂಗ್‌ನಲ್ಲಿ ಕೂತು ನೋಡಿ. ನಿಮ್ಮ ಅಳತೆಗೆ ಸರಿಹೊಂದಿದರೆ ಮಾತ್ರ, ಡೆಮೊಗೆ ಬಂದವರ ಎದುರಲ್ಲೇ. ಕಾಲು ನೆಲ ಬಿಟ್ಟಾಗ ಎಷ್ಟು ಭಯವಾಗುತ್ತದೆ ಅಂತ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಅಮ್ಮನ ಕೈಯಲ್ಲಿ, ಹೋಂ ನರ್ಸ್ ಕೈಯಲ್ಲಿ ಎರಡೆರಡು ಸಲ ಮಾಡಿಸಿ. ಕುಣಿಕೆಯ ಬಣ್ಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಮಂಚದ ಪಕ್ಕ ಗೋಡೆಗೆ ಅಂಟಿಸಿ. ಮುಂದಿನ ಸೋಮವಾರ ನೀವು ಆಫೀಸಿನಲ್ಲಿರುತ್ತೀರಿ. ಆ ಕೊಕ್ಕೆಗೆ ಕುಣಿಕೆ ಹಾಕುವುದು ಅಮ್ಮನೇ.